ಕೂರಲಾಗದ ಕುರ್ಚಿಗಳು

ನಮ್ಮ ಅಕ್ಕನ ಮಗಳಿಗೆ ಬೆಂಗಳೂರಿನಲ್ಲಿ ಕುರ್ಚಿ ಮಾಡುವ ಕೆಲಸ. ಹೀಗೆಂದು ಹೇಳಿದಾಗಲೆಲ್ಲ ಕೇಳಿದವರು, "ಏನು, ಬಡಗಿ ಕೆಲಸವೆ? ಹೆಣ್ಣುಹುಡುಗಿಗೆ?" ಎಂದು ಹುಬ್ಬೇರಿಸುತ್ತಾರೆ. "ಕಂಪ್ಯೂಟರಿನಲ್ಲಿ" ಎಂದು ಸೇರಿಸಿದ ಕೂಡಲೇ ಏರಿದ ಹುಬ್ಬು ಇಳಿದು ಮುಖದಲ್ಲಿ ಗೌರವ ಮೂಡುತ್ತದೆ. ಉಳಿ ಹಿಡಿದು ನಿಜವಾದ ಕುರ್ಚಿ ಮಾಡುವವನಿಗೆ ಸಿಗದ ಗೌರವ, ಕೂರಲಾಗದ ಕುರ್ಚಿ ಮಾಡುವವಳಿಗೆ ಹೇಗೆ ಸಿಗುತ್ತದೋ ಎಂದು ನನಗೆ ಮೊದಮೊದಲು ಸೋಜಿಗ. ಕಳೆದ ದಸರೆಯ ರಜೆಯಲ್ಲಿ ಅವಳು ಶಿವಮೊಗ್ಗದ ನಮ್ಮ ಮನೆಯಲ್ಲಿ ಹತ್ತು ದಿನ ಇದ್ದಳು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡುತ್ತಿದ್ದವಳ ಪಕ್ಕದಲ್ಲಿ ಮೊರ ಇಟ್ಟುಕೊಂಡು, ಸೊಪ್ಪು ಸೋಸುತ್ತಾ ಆ ಕುರ್ಚಿಗಳನ್ನು ಒಂದೊಂದಾಗಿ ನೋಡಿದೆ. ನೋಡಿದ ಮೇಲೆ ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಕಥೆ ಕಾದಂಬರಿಗಳಿಗೆ ವಿಮರ್ಶೆ ಬರೆಯುತ್ತಾರೆ, ಸಿನಿಮಾಕ್ಕೆ ಬರೆಯುತ್ತಾರೆ, ಹೋಟೆಲಿನ ದೋಸೆಗೂ ಬರೆಯುತ್ತಾರೆ. ಈ ಕುರ್ಚಿಗಳಿಗೆ ಯಾಕೆ ಬರೆಯಬಾರದು?

ಮೊದಲು ಆ ಕೆಲಸ ಏನೆಂದು ಹೇಳಬೇಕು. ಇವತ್ತು ಫ್ಲಾಟ್ ಕೊಳ್ಳುವವರಿಗೆ, ಮನೆ ಕಟ್ಟಿಸುವವರಿಗೆ, ಗೋಡೆ ಏಳುವ ಮೊದಲೇ ಮನೆಯ ಒಳಗಿನ ಚಿತ್ರ ತೋರಿಸುತ್ತಾರೆ. ಚಿತ್ರದಲ್ಲಿ ಕಿಟಕಿಯಿಂದ ಎಳೆಬಿಸಿಲು ಬಿದ್ದಿರುತ್ತದೆ, ಮೇಜಿನ ಮೇಲೆ ಹಣ್ಣಿನ ಬಟ್ಟಲಿರುತ್ತದೆ, ಗೋಡೆಯ ಬದಿಗೆ ಒಂದು ಚೆಂದದ ಕುರ್ಚಿ ಇರುತ್ತದೆ. ನೋಡಿದರೆ ಫೋಟೋ ಎಂದೇ ಅನ್ನಬೇಕು. ಆದರೆ ಅದರಲ್ಲಿ ಯಾವುದೂ ಫೋಟೋ ಅಲ್ಲ. ಆ ಕುರ್ಚಿಯನ್ನು ಯಾರೋ ಅಳತೆ ಹಿಡಿದು, ಎಲ್ಲ ಕಡೆಯಿಂದಲೂ ತಿರುಗಿಸಿ ನೋಡಬಹುದಾದ ಆಕಾರವಾಗಿ ಕಂಪ್ಯೂಟರಿನೊಳಗೆ ಕಟ್ಟಿರುತ್ತಾರೆ. ಒಮ್ಮೆ ಕಟ್ಟಿದರೆ ಸಾವಿರ ಮನೆಗಳ ಚಿತ್ರದಲ್ಲಿ ಅದನ್ನೇ ಇಡಬಹುದು. ಪೀಠೋಪಕರಣ ಮಾರುವ ಐಕಿಯಾ ಕಂಪನಿ 2006ರಲ್ಲಿ ಮೊದಲ ಸಲ ಒಂದು ಮರದ ಕುರ್ಚಿಯ ಚಿತ್ರವನ್ನು ಹೀಗೆ ಕಂಪ್ಯೂಟರಿನಲ್ಲೇ ಮಾಡಿ ತನ್ನ ಕ್ಯಾಟಲಾಗಿಗೆ ಹಾಕಿತು. 2014ರ ಹೊತ್ತಿಗೆ ಅದರ ಸರಕಿನ ಚಿತ್ರಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ಇಂಥವೇ ಆಗಿದ್ದವು. ನಾವು ಪುಟ ತಿರುವಿ, ಆಹಾ ಎಂಥ ಮರ, ಎಂಥ ಪಾಲಿಶ್ ಎಂದು ಬೆರಳಿಟ್ಟು ಮೆಚ್ಚಿದ್ದು ಇಲ್ಲದ ಮರವನ್ನು.

ಮಾಡುವ ಬಗೆ ಹೊಲಿಗೆ ಬಲ್ಲವರಿಗೆ ತಟ್ಟನೆ ಅರ್ಥವಾಗುತ್ತದೆ. ಮೊದಲು ಆಕಾರವನ್ನು ಸಣ್ಣ ಸಣ್ಣ ಚೌಕಗಳ ಬಲೆಯಾಗಿ ಕಟ್ಟುತ್ತಾರೆ. ಕ್ರೋಶಾ ಹಾಕಿದ ಬಟ್ಟೆಯನ್ನು ಕುರ್ಚಿಗೆ ಬಿಗಿಯಾಗಿ ಸುತ್ತಿ, ಆಮೇಲೆ ಒಳಗಿನ ಕುರ್ಚಿಯನ್ನು ಮಾಯ ಮಾಡಿಬಿಟ್ಟ ಹಾಗೆ. ಒಳಗೆಲ್ಲ ಟೊಳ್ಳು. ಆ ಬಲೆಗೆ ಮರದ ಮೈಯನ್ನೋ ಚರ್ಮದ ಮೈಯನ್ನೋ ಹೊದಿಸಬೇಕಲ್ಲ, ಅದಕ್ಕೆ ಹಳೆಯ ರವಿಕೆಯ ಹೊಲಿಗೆ ಬಿಚ್ಚಿ ಹಾಸುವಂತೆ ಆಕಾರವನ್ನು ಬಿಚ್ಚಿ ಮಟ್ಟಸವಾಗಿ ಹರಡುತ್ತಾರೆ. ಬಿಚ್ಚುವ ಗೆರೆಯನ್ನು ಅವರೂ ಹೊಲಿಗೆ ಎಂದೇ ಕರೆಯುತ್ತಾರಂತೆ. ಹರಡಿದ್ದರ ಮೇಲೆ ಮರದ ನಾರಿನ ಚಿತ್ರ ಅಂಟಿಸಿ ಮತ್ತೆ ಕೂಡಿಸುತ್ತಾರೆ. ಕೂಡಿಸಿದ ಕಡೆ ನಾರು ನಾರಿಗೆ ಹೊಂದದಿದ್ದರೆ, ಚೌಕಳಿ ಬಟ್ಟೆಯ ರವಿಕೆಯಲ್ಲಿ ತೋಳಿನ ಚೌಕಳಿ ಒಂದು ಕಡೆ, ಮೈಯ ಚೌಕಳಿ ಒಂದು ಕಡೆ ಹೋದ ಹಾಗೆ ಕಾಣುತ್ತದೆ. ಇನ್ನೊಂದು ಉಪಾಯ ಕನ್ನಡಿ. ಅರ್ಧ ಕುರ್ಚಿ ಕಟ್ಟಿದರೆ ಸಾಕು, ಉಳಿದರ್ಧವನ್ನು ಕನ್ನಡಿ ಹಿಡಿದಂತೆ ಯಂತ್ರವೇ ಕಟ್ಟಿಕೊಡುತ್ತದೆ. ನಾವು ಬಟ್ಟೆ ಎರಡು ಮಡಿಕೆ ಮಾಡಿ ಒಂದೇ ಸಲ ಕತ್ತರಿಸುವುದಿಲ್ಲವೆ, ಹಾಗೆ. ಈ ಕನ್ನಡಿಯನ್ನು ಸ್ವಲ್ಪ ನೆನಪಿಟ್ಟುಕೊಂಡಿರಿ.

ಮನೆಬಳಕೆಯ ವಸ್ತುವನ್ನು ಹೀಗೆ ಕಂಪ್ಯೂಟರಿಗೆ ಇಳಿಸಿದ್ದರಲ್ಲಿ ಬಹಳ ಹೆಸರು ಮಾಡಿದ್ದು ಕುರ್ಚಿಯಲ್ಲ, ಟೀ ಪಾಟು. ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿದ್ದ ಮಾರ್ಟಿನ್ ನ್ಯೂವೆಲ್ ಎಂಬವರು 1975ರಲ್ಲಿ ತಮ್ಮ ಪ್ರಯೋಗಕ್ಕೆ ಒಂದು ಆಕಾರ ಹುಡುಕುತ್ತಿದ್ದರು. ಟೀ ಕುಡಿಯುವ ಹೊತ್ತಿನಲ್ಲಿ, ಇದೇ ಪಾಟನ್ನು ಬರೆಯಬಾರದೇಕೆ ಎಂದದ್ದು ಅವರ ಹೆಂಡತಿ ಸಾಂಡ್ರಾ. ಅವರು ಗ್ರಾಫ್ ಕಾಗದದ ಮೇಲೆ ಅದನ್ನು ಬರೆದುಕೊಂಡರು, ಲೆಕ್ಕ ಕಟ್ಟಿದರು. ಅದು ಲೋಕದ ಪ್ರಯೋಗಶಾಲೆಗಳನ್ನೆಲ್ಲ ಸುತ್ತಿತು. ನಿಜವಾದ ಪಾಟು ಈಗ ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಇತಿಹಾಸದ ಮ್ಯೂಸಿಯಮ್ಮಿನಲ್ಲಿದೆ. ನನಗೆ ಇದರಲ್ಲಿ ಇಷ್ಟವಾದ ಸಂಗತಿ ಬೇರೆ. ಆ ಮೊದಲ ಲೆಕ್ಕದ ಪಾಟಿಗೆ ತಳವೇ ಇರಲಿಲ್ಲ! ಮೂತಿ, ಹಿಡಿ, ಮುಚ್ಚಳ ಎಲ್ಲ ಇತ್ತು. ಬುಡವನ್ನು ಮುಂದೆ ಬೇರೆಯವರು ಹಾಕಿದರು. ಪಾಟು ತೊಳೆಯುವ ಕೈ ಲೆಕ್ಕ ಬರೆದಿದ್ದರೆ ತಳ ಮರೆಯುತ್ತಿತ್ತೆ?

ಈಗ ಕುರ್ಚಿಗಳಿಗೆ ಬರೋಣ. ಮೊದಲು ನೋಡಿದ್ದು ಥೋನೆಟ್ ಕುರ್ಚಿ. ಹೆಸರು ಗೊತ್ತಿಲ್ಲದಿದ್ದರೂ ಅದರ ವಂಶದ್ದನ್ನು ನೀವು ನೋಡಿರುತ್ತೀರಿ. ಮುಂಬಯಿಯ ಇರಾನಿ ಹೋಟೆಲುಗಳಲ್ಲಿ ಇರುತ್ತಿದ್ದಂಥದು: ಬೆನ್ನಿಗೆ ಬಾಗಿಸಿದ ಕೋಲು, ಕೂರಲು ದುಂಡನೆಯ ಚೌಕಟ್ಟು. ಮೈಕೆಲ್ ಥೋನೆಟ್ 1859ರಲ್ಲಿ ಹೊರತಂದ ಅವನ 14ನೇ ನಂಬರಿನ ಕುರ್ಚಿಗೆ ಬೇಕಾಗಿದ್ದದ್ದು 6 ಮರದ ತುಂಡು, 10 ಸ್ಕ್ರೂ, 2 ನಟ್ಟು. ಬಿಚ್ಚಿ ಜೋಡಿಸಿದರೆ ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಯುತ್ತಿದ್ದವು. ಬೀಚ್ ಮರದ ಕೋಲನ್ನು ಹಬೆಯಲ್ಲಿ ಬೇಯಿಸಿ ಬಗ್ಗಿಸಬೇಕು. ಬಗ್ಗಿಸುವಾಗ ಹೊರಮೈ ಹಿಗ್ಗಿ ಸೀಳುತ್ತದೆ. ಕೋಡುಬಳೆ ಬಗ್ಗಿಸುವಾಗ ಹಿಟ್ಟಿನ ಹದ ತಪ್ಪಿದ್ದರೆ ಹೊರಬದಿಯಲ್ಲಿ ಬಿರುಕು ಬಿಡುವುದಿಲ್ಲವೆ, ಅದೇ ಪಾಡು. ಸೀಳದ ಹಾಗೆ ಕೋಲಿನ ಹೊರಬದಿಗೆ ಲೋಹದ ಪಟ್ಟಿ ಬಿಗಿದು, ಆಮೇಲೆ ಬಗ್ಗಿಸುವುದು ಥೋನೆಟ್ ಕಂಡುಕೊಂಡ ದಾರಿ. ಅವನ ಹೆಸರೆಲ್ಲ ಆ ಪಟ್ಟಿಯಲ್ಲಿದೆ.

ನಮ್ಮ ಹುಡುಗಿ ಒಂದು ಬಾಗಿದ ಗೆರೆ ಎಳೆದಳು, ಒಂದು ಉಂಗುರವನ್ನು ಆ ಗೆರೆಯುದ್ದಕ್ಕೆ ಓಡಿಸಿದಳು. ಎರಡು ನಿಮಿಷದಲ್ಲಿ ಬೆನ್ನಿನ ಕೋಲು ಸಿದ್ಧ. ಹಬೆ ಇಲ್ಲ, ಪಟ್ಟಿ ಇಲ್ಲ, ಬಿರುಕಿನ ಭಯ ಇಲ್ಲ. "ಹೇಗಿದೆ ಚಿಕ್ಕಮ್ಮ?" ಎಂದಳು. ಚೆನ್ನಾಗಿತ್ತು. ಆದರೆ ಏನೋ ಸಪ್ಪೆ. ಸ್ವಲ್ಪ ಹೊತ್ತು ನೋಡಿ, "ಹಿತ್ತಿಲಿಗೆ ನೀರು ಬಿಡೋ ಪೈಪಿನ ಹಾಗಿದೆ ಕಣೇ" ಎಂದೆ. ಅವಳಿಗೆ ಸಿಟ್ಟು ಬಂತು. ಆಮೇಲೆ ನಿಜವಾದ ಕುರ್ಚಿಯ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದಳು. ಅಲ್ಲಿ ಕೋಲು ಮೇಲಿಂದ ಕೆಳಗೆ ಒಂದೇ ದಪ್ಪವಿರಲಿಲ್ಲ, ಕಾಲಿನ ತುದಿಗೆ ಬರುತ್ತಾ ಸಣ್ಣಗಾಗಿತ್ತು. ತಿದ್ದಿದಳು. ತಿದ್ದಿದ ಮೇಲೆ ಕುರ್ಚಿ ನಿಂತುಕೊಂಡಿತು ಅನ್ನಿಸಿತು. ಅಲ್ಲಿಯವರೆಗೆ ಅದು ತೂಗುಹಾಕಿದ ಹಾಗಿತ್ತು. ವಿಮರ್ಶೆಯಿಂದ ಏನು ಪ್ರಯೋಜನ ಎಂದು ಕೇಳುವವರಿಗೆ ನಾನು ಇನ್ನು ಮೇಲೆ ಈ ಕಾಲುಗಳನ್ನು ತೋರಿಸುತ್ತೇನೆ.

ಡೆನ್ಮಾರ್ಕಿನ ವರ್ನರ್ ಪ್ಯಾಂಟನ್ನನ ಪ್ಲಾಸ್ಟಿಕ್ ಕುರ್ಚಿಯ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. 1967ರಲ್ಲಿ ತಯಾರಿಕೆಗೆ ಬಂದ, ಕಾಲೇ ಇಲ್ಲದ, ಒಂದೇ ತುಂಡಿನ ನುಣುಪು ಕುರ್ಚಿ. ಕಂಪ್ಯೂಟರಿಗಾಗಿಯೇ ಹುಟ್ಟಿದ ಹಾಗಿದೆ. ನಿಜದ್ದೂ ಚಿತ್ರದ್ದೂ ಪಕ್ಕಪಕ್ಕ ಇಟ್ಟರೆ ನಾನಂತೂ ಸೋತೆ.

ಸಮಸ್ಯೆ ಶುರುವಾದದ್ದು ಈಮ್ಸ್ ಕುರ್ಚಿಯಿಂದ. ಚಾರ್ಲ್ಸ್ ಮತ್ತು ರೇ ಈಮ್ಸ್ ಎಂಬ ಅಮೆರಿಕದ ಗಂಡಹೆಂಡಿರು 1956ರಲ್ಲಿ ಮಾಡಿದ, ಬಾಗಿಸಿದ ಪ್ಲೈವುಡ್ಡಿನ ಚಿಪ್ಪುಗಳೊಳಗೆ ಕಪ್ಪು ಚರ್ಮದ ಮೆತ್ತೆ ಇಟ್ಟ ಒರಗುವ ಕುರ್ಚಿ ಇದು. ಸಿನಿಮಾದ ಸಾಹುಕಾರರ ಕೋಣೆಗಳಲ್ಲಿ ನೋಡಿರುತ್ತೀರಿ. ಮೊದಲ ಕುರ್ಚಿಗಳ ಚಿಪ್ಪಿಗೆ ಹೊದಿಸಿದ್ದು ಬ್ರೆಜಿಲ್ ದೇಶದ ರೋಸ್‌ವುಡ್, ಅಂದರೆ ನಮ್ಮ ಮಲೆನಾಡಿನ ಬೀಟೆಯ ದಾಯಾದಿ. ಆ ಮರ ಅಳಿಯುತ್ತ ಬಂದು 1992ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ತಡೆ ಬಿತ್ತು. ಕಂಪ್ಯೂಟರಿನಲ್ಲಿ ಮಾತ್ರ ಆ ಮರಕ್ಕೆ ಬರವಿಲ್ಲ. ಎಷ್ಟು ಬೇಕಾದರೂ ಹೊದಿಸಬಹುದು, ಒಂದು ಮರವೂ ಉರುಳುವುದಿಲ್ಲ. ಇದು ಈ ವಿದ್ಯೆಯ ಪುಣ್ಯದ ಕಡೆ, ಒಪ್ಪಿಕೊಳ್ಳುತ್ತೇನೆ.

ಆದರೆ ಚಾರ್ಲ್ಸ್ ಈಮ್ಸ್ ಆ ಕುರ್ಚಿಯಲ್ಲಿ ಬಯಸಿದ್ದು ಹೊಸತನದ ಹೊಳಪನ್ನಲ್ಲ. ಬೇಸ್‌ಬಾಲ್ ಆಡುವವರ ಬಳಸಿ ಬಳಸಿ ಮೆತ್ತಗಾದ ಚರ್ಮದ ಕೈಗವಸಿನಂತೆ, ಬಾ ಎಂದು ಕರೆಯುವ ಬೆಚ್ಚಗಿನ ಮೈ ಅದಕ್ಕಿರಬೇಕು ಎಂಬುದು ಅವನ ಆಸೆ. ಪರದೆಯ ಮೇಲೆ ಕಂಡದ್ದು ಅಂಗಡಿಯ ಗಾಜಿನ ಹಿಂದಿನ ಕುರ್ಚಿ. ಸುಕ್ಕುಗಳು ಇದ್ದವು, ಅವನ್ನು ಅವಳು ತುಂಬ ಕಷ್ಟಪಟ್ಟು ಒಂದೊಂದಾಗಿ ತೀಡಿದ್ದಳು. ಆದರೂ ಅವು ಯಾರೋ ಕೂತು ಎದ್ದುದರಿಂದ ಆದ ಸುಕ್ಕುಗಳಲ್ಲ, ಚೆಂದಕ್ಕೆ ಇಟ್ಟ ಸುಕ್ಕುಗಳು. ಹೊಸ ಕಾಟನ್ ಸೀರೆಯ ಮಡಿಕೆಗೂ ಉಟ್ಟ ಸೀರೆಯ ಸುಕ್ಕಿಗೂ ವ್ಯತ್ಯಾಸ ನಮಗೆ ದೂರದಿಂದಲೇ ತಿಳಿಯುತ್ತದಲ್ಲ?

ಇದೇ ಗಂಡಹೆಂಡಿರು ಭಾರತ ಸರ್ಕಾರದ ಕರೆಯ ಮೇಲೆ ಇಲ್ಲಿ ಸುತ್ತಾಡಿ 1958ರಲ್ಲಿ ಒಂದು ವರದಿ ಬರೆದರು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1961ರಲ್ಲಿ ಹುಟ್ಟಿದ್ದು ಆ ವರದಿಯ ಬೆನ್ನಿಗೇ. ನಮ್ಮ ದೇಶದಲ್ಲಿ ತಾವು ಕಂಡ ವಸ್ತುಗಳಲ್ಲೆಲ್ಲ ಅವರು ಎತ್ತಿ ಹಿಡಿದದ್ದು ಯಾವುದನ್ನು ಗೊತ್ತೆ? ಹಿಂದಿಯವರು ಲೋಟಾ ಎನ್ನುವ ನಮ್ಮ ತಂಬಿಗೆಯನ್ನು. ಅಂಥದೊಂದನ್ನು ಹೊಸದಾಗಿ ಮಾಡುವುದಾದರೆ ಏನೇನು ಯೋಚಿಸಬೇಕಾದೀತು ಎಂದು ಪಟ್ಟಿ ಹಾಕುತ್ತಾರೆ. ಎಷ್ಟು ನೀರು ಹಿಡಿಯಬೇಕು, ಸೊಂಟದ ಮೇಲಿಟ್ಟರೆ ಹೇಗೆ, ತಲೆಯ ಮೇಲಿಟ್ಟರೆ ಹೇಗೆ, ತುಂಬಿದಾಗ ತೂಕ ಎಲ್ಲಿ ನಿಲ್ಲುತ್ತದೆ, ತೊಳೆಯಲು ಒಳಗೆ ಕೈ ಹೋಗುತ್ತದೆಯೆ, ಕಣ್ಣು ಮುಚ್ಚಿ ಹಿಡಿದರೆ ಹೇಗನ್ನಿಸುತ್ತದೆ, ಕಲ್ಲಿನ ಮೇಲಿಟ್ಟರೆ ಏನು ಸದ್ದು, ಕೊಡುವಾಗ ಹೇಗೆ, ಮಾರುವಾಗ ಹೇಗೆ. ಇಷ್ಟನ್ನು ಒಬ್ಬನೇ ಕೂತು ಯೋಚಿಸಿ ಮಾಡಲಾರ, ತಲೆತಲಾಂತರ ಬಳಸಿದವರು ಅದನ್ನು ತಿದ್ದಿದ್ದಾರೆ ಎಂಬ ಮಾತು ಅಲ್ಲಿದೆ. ಓದಿ ನನಗೆ ರೋಮಾಂಚನವಾಯಿತು. ತಂಬಿಗೆ ತಿಕ್ಕುವ ಹೆಂಗಸರಿಗೆ ಗೊತ್ತಿದ್ದದ್ದನ್ನು ಯಾರೋ ಪ್ರಶ್ನೆಗಳಾಗಿ ಬರೆದಿಟ್ಟಿದ್ದಾರೆ.

ನಾನು ಆ ಪಟ್ಟಿಯನ್ನು ಹಿಡಿದು ಪರದೆಯ ಮೇಲಿನ ಈಮ್ಸ್ ಕುರ್ಚಿಯ ಮುಂದೆ ಕೂತೆ. ಎಷ್ಟು ಪ್ರಶ್ನೆಗೆ ಉತ್ತರ ಸಿಗುತ್ತದೆ? ಕಣ್ಣು ತೆರೆದರೆ ಹೇಗೆ ಎಂಬುದಕ್ಕೆ ಪೂರ್ತಿ ಉತ್ತರವಿದೆ, ನಿಜವಾದ ಕುರ್ಚಿಯ ಮುಂದೆ ನಿಂತರೂ ಅಷ್ಟು ಚೆನ್ನಾಗಿ ಕಾಣದು. ಅಡಿಗೆ ತಲೆ ಹಾಕಿ ಸ್ಕ್ರೂ ಕೂಡ ನೋಡಬಹುದು. ಅಳತೆ ಕೇಳಿದರೆ ಹೇಳುತ್ತದೆ. ಕಣ್ಣು ಮುಚ್ಚಿದರೆ ಮುಗಿಯಿತು.

ಇನ್ನು ಲೆ ಕಾರ್ಬೂಸಿಯೆ ಕುರ್ಚಿ. ಕುರ್ಚಿ ಎನ್ನುವುದಕ್ಕಿಂತ ಒರಗುವ ಮಂಚ. ಬಾಗಿದ ಉಕ್ಕಿನ ಕೊಳವೆಗಳ ಮೇಲೆ ಹಾಸು, ಅದರ ಕೆಳಗೆ ಬೇರೆಯೇ ಆದ ಕಪ್ಪು ಕಾಲಿನ ಚೌಕಟ್ಟು. ಮೇಲಿನದನ್ನು ಕೆಳಗಿನದಕ್ಕೆ ಬಿಗಿದಿಲ್ಲ, ಸುಮ್ಮನೆ ಇಟ್ಟಿದೆ. ತಗಲುವ ಕಡೆ ರಬ್ಬರು ಇರುವುದರಿಂದ ಯಾವ ಓರೆಗೆ ಜಾರಿಸಿದರೂ ಮಲಗಿದವರ ಭಾರಕ್ಕೆ ಅಲ್ಲೇ ಕಚ್ಚಿ ನಿಲ್ಲುತ್ತದೆ. ಅವಳ ಪರದೆಯಲ್ಲೂ ಅದು ಓರೆಯಾಗಿ ನಿಂತಿತ್ತು, ಆದರೆ ಅಲ್ಲಿ ಭಾರವೂ ಇಲ್ಲ, ಕಚ್ಚುವುದೂ ಇಲ್ಲ. ಕೊಳವೆಯೂ ರಬ್ಬರೂ ನಡುವೆ ಕೂದಲೆಳೆ ಬಿಟ್ಟು ಗಾಳಿಯಲ್ಲಿದ್ದವು. ತೋರಿಸಿದೆ. "ಇಷ್ಟು ಹತ್ತಿರ ಯಾರು ನೋಡ್ತಾರೆ ಚಿಕ್ಕಮ್ಮ?" ಎಂದಳು.

ಅದಿರಲಿ. ನನ್ನ ತಕರಾರು ಇದ್ದದ್ದು ಆ ಕಡತದ ಹೆಸರಿನ ಮೇಲೆ: "ಎಲ್‌ಸಿ4". ಎಲ್‌ಸಿ ಅಂದರೆ ಲೆ ಕಾರ್ಬೂಸಿಯೆ. 1928ರ ಈ ವಿನ್ಯಾಸ ಮೂವರದು: ಲೆ ಕಾರ್ಬೂಸಿಯೆ, ಅವನ ದಾಯಾದಿ ಸೋದರ ಪಿಯರ್ ಜೆನ್ನರೆ, ಮತ್ತು ಶಾರ್ಲೊಟ್ ಪೆರಿಯಾಂ. ಪೆರಿಯಾಂ 1927ರಲ್ಲಿ ಕೆಲಸ ಕೇಳಿಕೊಂಡು ಅವನ ಕಚೇರಿಗೆ ಹೋದಾಗ ಅವಳಿಗೆ ಇನ್ನೂ 24. ನಾವಿಲ್ಲಿ ದಿಂಬಿಗೆ ಕಸೂತಿ ಹಾಕುವುದಿಲ್ಲ ಎಂದು ಹೇಳಿ ಅವನು ಕಳಿಸಿಬಿಟ್ಟ. ಆಮೇಲೆ ಪ್ಯಾರಿಸಿನ ಪ್ರದರ್ಶನವೊಂದರಲ್ಲಿ ಅವಳು ಉಕ್ಕು, ಗಾಜು, ಅಲ್ಯುಮಿನಿಯಮ್ ಹಾಕಿ ಮಾಡಿದ್ದನ್ನು ಕಂಡು ತಾನೇ ಕರೆದು ಕೆಲಸ ಕೊಟ್ಟ. ಆ ಮಂಚದ ಹೆಸರಾದ ಹಳೆಯ ಫೋಟೋದಲ್ಲಿ ಕಾಲು ಮೇಲೆ ಚಾಚಿ ಮಲಗಿರುವವಳು ಪೆರಿಯಾಂ. ಮುಖ ಆ ಕಡೆಗೆ ತಿರುಗಿದೆ. ಮಾಡಿದವಳು ಅದರಲ್ಲೇ ಮಲಗಿದ್ದರೂ ಯಾರೋ ರೂಪದರ್ಶಿ ಎಂದುಕೊಳ್ಳುವ ಹಾಗೆ! ಫೋಟೋದಲ್ಲಿ ಬೆನ್ನಾದರೂ ಇತ್ತು. ಡಿಜಿಟಲ್ ಮಾದರಿಯಲ್ಲಿ ಅದೂ ಇಲ್ಲ, ಎರಡು ಅಕ್ಷರ ಒಂದು ಅಂಕಿ ಮಾತ್ರ. ನಾನು ಹೇಳಿದ ಮೇಲೆ ಹುಡುಗಿ ಆ ಹೆಸರಿನ ಮುಂದೆ ಮೂವರ ಹೆಸರನ್ನೂ ಸೇರಿಸಿದಳು. ಕಂಪನಿಯಲ್ಲಿ ಯಾರೋ ಉದ್ದವಾಯಿತೆಂದು ಮತ್ತೆ ಕತ್ತರಿಸಿದ್ದಾರೆ ಎಂದು ಈಚೆಗೆ ಫೋನಿನಲ್ಲಿ ಹೇಳಿದಳು.

ಆ ಸೋದರ ಪಿಯರ್ ಜೆನ್ನರೆ ಐವತ್ತರ ದಶಕದಲ್ಲಿ ಚಂಡೀಗಢ ಕಟ್ಟಲು ನಮ್ಮ ದೇಶಕ್ಕೆ ಬಂದು ವರ್ಷಗಟ್ಟಲೆ ಇದ್ದವನು. ಅಲ್ಲಿಯ ಕಚೇರಿ, ಕೋರ್ಟು, ವಿಶ್ವವಿದ್ಯಾಲಯಗಳಿಗೆ ತೇಗದ ಮರ, ಬೆತ್ತದ ಕುರ್ಚಿಗಳನ್ನು ಅವನ ಬಳಗ ರೂಪಿಸಿತು. ಇಂಗ್ಲಿಷಿನ ವಿ ಅಕ್ಷರವನ್ನು ಬೋರಲು ಹಾಕಿದಂಥ ಕಾಲುಗಳು ಅದರ ಗುರುತು. ಆ ಬಳಗದಲ್ಲಿದ್ದವರು ಯೂಲಿ ಚೌಧರಿ, ನಮ್ಮ ದೇಶದ ಮೊದಲ ಮಹಿಳಾ ವಾಸ್ತುಶಿಲ್ಪಿಗಳಲ್ಲಿ ಒಬ್ಬರು. ಕುರ್ಚಿಗಳು ಹಳೆಯದಾದ ಮೇಲೆ ಕಚೇರಿಗಳ ಹಿತ್ತಿಲಲ್ಲಿ ರಾಶಿ ಬಿದ್ದವು, ಗುಜರಿ ಬೆಲೆಗೆ ಹರಾಜಾದವು. ಕೊಂಡ ವಿದೇಶಿ ವ್ಯಾಪಾರಿಗಳು ಅವನ್ನು ದುರಸ್ತಿ ಮಾಡಿ ಲಕ್ಷಗಟ್ಟಲೆ ರೂಪಾಯಿಗೆ ಮಾರಿದರು. ಕೊನೆಗೆ 2011ರಲ್ಲಿ ಕೇಂದ್ರ ಸರ್ಕಾರ ಎಚ್ಚೆತ್ತು ಮಾರಾಟಕ್ಕೆ ತಡೆ ಹಾಕಿತು. ಈಗ ಬೆಂಗಳೂರಿನ ಫ್ಲಾಟುಗಳ ಚಿತ್ರದಲ್ಲಿ ಆ ಕುರ್ಚಿಯೇ ಕುರ್ಚಿ. ನಮ್ಮ ಅಣ್ಣ ಕೊಂಡ ಫ್ಲಾಟಿನ ಚಿತ್ರದಲ್ಲೂ ಇತ್ತು. ಚಿತ್ರದಲ್ಲಿ ಅದರ ಸುತ್ತ ಗರ್ಬಾ ಆಡುವಷ್ಟು ಜಾಗವಿತ್ತು. ಹೋಗಿ ನೋಡಿದರೆ ಅತ್ತಿಗೆಯ ಹೊಲಿಗೆ ಮೆಷಿನ್ನಿಗೇ ಜಾಗವಿಲ್ಲ.

ಈ ಮಾದರಿಯಲ್ಲಿ ನನಗೆ ಕಂಡ ಕುಂದು ಎರಡು. ಒಂದು, ಆ ಕುರ್ಚಿಗಳನ್ನು ಮಾಡಿದವರು ಬೇರೆ ಬೇರೆ ಕಾರ್ಖಾನೆಗಳ ಬಡಗಿಗಳು. ಅದರಿಂದ ಒಂದರ ಅಳತೆ, ಕೆತ್ತನೆ ಇನ್ನೊಂದರ ಹಾಗೆ ಇರುವುದಿಲ್ಲ. ಕಂಪ್ಯೂಟರು ಅವುಗಳಲ್ಲಿ ಒಂದನ್ನು ಹಿಡಿದು ಚಂಡೀಗಢದ ಕುರ್ಚಿ ಎಂದರೆ ಇದೇ ಎಂದು ಗೆರೆ ಎಳೆದುಬಿಡುತ್ತದೆ. ಇನ್ನೊಂದು, ಬೆತ್ತ. ಮರವನ್ನು ಅಷ್ಟು ಶ್ರದ್ಧೆಯಿಂದ ಕಟ್ಟುವವರು ಬೆತ್ತವನ್ನು ಹೆಣೆಯುವುದೇ ಇಲ್ಲ! ಹೆಣಿಗೆಯ ಒಂದು ಫೋಟೋ ತೆಗೆದು, ತೂತಿರುವ ಕಡೆ ಪಾರದರ್ಶಕ ಮಾಡಿ, ಹಾಳೆಯ ಹಾಗೆ ಚೌಕಟ್ಟಿಗೆ ಅಂಟಿಸುತ್ತಾರೆ. ಒಂದೊಂದು ಎಳೆ ಹೆಣೆದರೆ ಯಂತ್ರಕ್ಕೆ ಭಾರವಂತೆ. ಮುಂದಿನಿಂದ ನೋಡಿದರೆ ಬೆತ್ತ. ಹಿಂದಿನಿಂದ ನೋಡಿದರೂ ಅದೇ ಮುಂದಿನ ಬೆತ್ತ. ಹಿಂಬದಿ ಎಂಬುದೇ ಅದಕ್ಕಿಲ್ಲ. ಕಸೂತಿಯ ಕೆಲಸವನ್ನು ತಿರುಗಿಸಿ ನೋಡಿ ಬೆಲೆ ಕಟ್ಟುವ ನಮಗೆ ಇದು ದೊಡ್ಡ ಕುಂದು.

ಇಷ್ಟನ್ನು ಹೇಳಿದ ಮೇಲೆ ಹುಡುಗಿ, "ನಮ್ಮನೆ ಕುರ್ಚಿ ಮಾಡ್ತೀನಿ, ಆಗ ನೋಡಿ" ಎಂದಳು. ತೀರ್ಥಹಳ್ಳಿ ಹತ್ತಿರದ ನಮ್ಮ ಹಳೆಯ ಮನೆಯಲ್ಲಿ ಅಜ್ಜಯ್ಯನ ಕಾಲದ ಒಂದು ಆರಾಮ ಕುರ್ಚಿ ಇತ್ತು. ಬೀಟೆ ಮರ, ಕುತ್ತಿಗೆಯಿಂದ ಮಂಡಿಯವರೆಗೆ ಒಂದೇ ಇಳಿಜಾರಿನ ಬೆತ್ತ, ಕಾಲು ಚಾಚಿ ಮೇಲಿಡಲು ಮುಂದಕ್ಕೆ ನೀಡಿದ ಉದ್ದನೆಯ ತೋಳುಗಳು. ಎಸ್ಟೇಟಿನ ದೊರೆಗಳಿದ್ದ ಕಾಲದಿಂದ ಬಂದ ನಮೂನೆ. ಅಮ್ಮ ಹೋಗಿ ಎರಡು ವರ್ಷವಾಗಿತ್ತು, ಮನೆ ಮಾರುವ ಮಾತಾಗಿತ್ತು. ವಿಜಯದಶಮಿಯ ಮರುದಿನ ಎಲ್ಲರೂ ಅಲ್ಲಿ ಸೇರಿದೆವು. ಅಣ್ಣ ಪಾತ್ರೆಪಗಡ ಲೆಕ್ಕ ಹಾಕುತ್ತಿದ್ದರೆ, ಇವಳು ಟೇಪು ಹಿಡಿದು ಜಗುಲಿಯಲ್ಲಿ ಕುರ್ಚಿಯ ಸುತ್ತ ತೆವಳುತ್ತಿದ್ದಳು. ಅಷ್ಟು ವರ್ಷಗಳಲ್ಲಿ ಆ ಕುರ್ಚಿಯನ್ನು ಯಾರಾದರೂ ಅಳೆದದ್ದು ಅದೇ ಮೊದಲಿರಬೇಕು. ಅಳೆಯುವುದು ಒಂದು ರೀತಿಯ ಪ್ರೀತಿಯೇ ಎಂದು ಅವಳನ್ನು ನೋಡಿ ಅನ್ನಿಸಿತು. ನಾವೆಲ್ಲ ಅದನ್ನು ಒರೆಸಿದವರು, ಅವಳು ನೋಡಿದವಳು.

ಮೂರು ದಿನದಲ್ಲಿ ಪರದೆಯ ಮೇಲೆ ಕುರ್ಚಿ ಎದ್ದಿತು. ಬೀಟೆಯ ಕಪ್ಪುಗೆಂಪು ನಾರು, ತೋಳಿನ ಓರೆ ಎಲ್ಲ ಅದೇ. ಎದೆ ಧಸಕ್ಕೆಂದಿತು ನನಗೆ. ಆಮೇಲೆ ತಿರುಗಿಸಿ ತಿರುಗಿಸಿ ನೋಡಿದೆ. ಕನ್ನಡಿಯ ವಿಷಯ ಹೇಳಿದ್ದೆನಲ್ಲ? ಎಡಗಡೆ ಅಳೆದು ಕಟ್ಟಿ, ಬಲಗಡೆಯನ್ನು ಕನ್ನಡಿಗೆ ಬಿಟ್ಟಿದ್ದಳು. ನಿಜವಾದ ಕುರ್ಚಿಯ ಬಲತೋಳಿನಲ್ಲಿ ಒಂದು ತಗ್ಗಿತ್ತು. ಅಜ್ಜಯ್ಯ, ಅವರಾದ ಮೇಲೆ ಅಪ್ಪಯ್ಯ, ಅಡಕತ್ತರಿ ಇಟ್ಟು, ಕಾಫಿ ಲೋಟ ಇಟ್ಟು, ಬೆರಳಲ್ಲಿ ತಾಳ ಹಾಕಿ ಸವೆಸಿದ ತಗ್ಗು. ಪರದೆಯಲ್ಲಿ ಎರಡು ತೋಳೂ ಎಡತೋಳೇ.

ಇನ್ನೊಂದು ಸಂಗತಿ ಅವಳಿಗೆ ಗೊತ್ತಿರಲು ಸಾಧ್ಯವೇ ಇರಲಿಲ್ಲ. ಆ ಕುರ್ಚಿಯಲ್ಲಿ ಅಮ್ಮ ಕೂತದ್ದನ್ನು ನಾವು ಮಕ್ಕಳು ನೋಡಿರಲಿಲ್ಲ. ಮಾವನವರ ಕುರ್ಚಿ ಎಂದು ಕೂರಲಿಲ್ಲ, ಆಮೇಲೆ ಗಂಡನ ಕುರ್ಚಿ ಎಂದು ಕೂರಲಿಲ್ಲ. ಕಂಬಕ್ಕೆ ಒರಗಿ ನೆಲದ ಮೇಲೇ ಕೂರುತ್ತಿದ್ದಳು. ಅಪ್ಪಯ್ಯ ಹೋದ ಮೇಲೆ, ಮಂಡಿ ನೋವೆಂದು ಡಾಕ್ಟರು ನೆಲದ ಮೇಲೆ ಕೂರಬೇಡಿ ಅಂದ ಮೇಲೆ ಕೂರತೊಡಗಿದಳು. ಕೂತದ್ದಾದರೂ ಹೇಗೆ? ತುದಿಯಲ್ಲಿ, ಬೆನ್ನು ಒರಗಿಸದೆ, ಈಗ ಯಾರೋ ಬಂದು ಎಬ್ಬಿಸುತ್ತಾರೆ ಎನ್ನುವ ಹಾಗೆ. ಒರಗಿದರೆ ಅವಳ ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ. ಆ ಉದ್ದನೆಯ ತೋಳುಗಳ ಮೇಲೆ ಒಂದೊಂದು ಕಾಲು ಚಾಚುವುದು ಪಂಚೆ ಉಟ್ಟ ಗಂಡಸರಿಗೆ ಸರಿ; ಸೀರೆ ಉಟ್ಟವಳು ಏನು ಮಾಡಬೇಕು? ಆ ಕುರ್ಚಿಯ ಇಂಚು ಇಂಚೂ ಗಂಡಸಿನ ಮೈಗೆ ಕತ್ತರಿಸಿದ್ದು. ಪ್ಯಾರಿಸಿನಲ್ಲಿ ಕಾಲು ಮೇಲೆ ಮಾಡಿ ಮಲಗಿದ ಪೆರಿಯಾಂಳ ಫೋಟೋ ನನಗೆ ಮತ್ತೆ ನೆನಪಾಯಿತು. ಅಮ್ಮ ತುದಿಯಲ್ಲಿ ಕೂತು ಕೂತು ಬೆತ್ತ ಹರಿದದ್ದೂ ತುದಿಯಲ್ಲೇ. ನಡುವೆ ಗಟ್ಟಿಯಾಗಿದೆ, ಮುಂದಿನ ಅಂಚಿನಲ್ಲಿ ಒಂದು ಗೇಣಗಲ ತೂತು.

ಪರದೆಯ ಕುರ್ಚಿಯಲ್ಲಿ ಬೆತ್ತ ಹೊಸದಾಗಿ ಮಿರಮಿರ ಮಿಂಚುತ್ತಿತ್ತು. ಅಮ್ಮನ ಕಥೆ ಹೇಳಿದೆ. ಹುಡುಗಿ ಏನೂ ಮಾತಾಡಲಿಲ್ಲ. ರಾತ್ರಿ ಹನ್ನೊಂದಕ್ಕೆ ನೀರು ಕುಡಿಯಲು ಎದ್ದರೆ ಇನ್ನೂ ಕೆಲಸ ಮಾಡುತ್ತಿದ್ದಳು. ಬಲತೋಳಿಗೆ ತಗ್ಗು ಬಂದಿತ್ತು. ಮುಂದಿನ ಅಂಚಿನ ಬೆತ್ತವನ್ನಷ್ಟೇ ಫೋಟೋ ಅಂಟಿಸದೆ ಒಂದೊಂದು ಎಳೆಯಾಗಿ ಹೆಣೆದು, ಹೆಣೆದದ್ದನ್ನು ಹರಿಯುತ್ತಿದ್ದಳು. "ಹರಿದ ಕುರ್ಚೀನ ಕಂಪನೀಲಿ ಯಾರೂ ತಗೊಳ್ಳಲ್ಲ ಚಿಕ್ಕಮ್ಮ" ಎಂದಳು, ಪರದೆಯಿಂದ ಕಣ್ಣು ತೆಗೆಯದೆ. ನಾನು ನೋಡಿದ ಅವಳ ಕುರ್ಚಿಗಳಲ್ಲೆಲ್ಲ ಅದು ಒಳ್ಳೆಯದು.

ಇಲ್ಲಿಗೇ ಮುಗಿದಿದ್ದರೆ ನಾನೂ ಹೊಗಳಿ ಸುಮ್ಮನಾಗುತ್ತಿದ್ದೆ. ಚಿತ್ರ ನೋಡಿದ ಅಣ್ಣ, "ಭೇಷ್! ಇದು ಸಾಕಲ್ಲ, ಇನ್ನು ಕುರ್ಚಿ ಯಾಕೆ? ಹಳೇ ಸಾಮಾನಿನವನು ಒಳ್ಳೆ ರೇಟು ಹೇಳಿದಾನೆ" ಅಂದ. ತಪ್ಪು ಅವನದಲ್ಲ. ಅವನ ಫ್ಲಾಟಿನಲ್ಲಿ ಜಾಗವಿಲ್ಲ, ಅಕ್ಕನ ಮನೆಯಲ್ಲಿ ಇಲ್ಲ, ನನ್ನ ಮನೆಯ ಬಾಗಿಲೋ ಎರಡೂ ಮುಕ್ಕಾಲು ಅಡಿ. ಮಾದರಿ ಇದ್ದರೆ ವಸ್ತು ಬೇಡ ಎಂಬುದು ಈ ವಿದ್ಯೆ ಮಾಡಿದವರ ಮಾತಲ್ಲ, ನೋಡಿದವರ ಮಾತು. ಆದರೂ ಅಷ್ಟು ನಿಜದಂತೆ ತೋರಿಸುವ ಚಿತ್ರ ಆ ಮಾತನ್ನು ಸಲೀಸು ಮಾಡಿಕೊಡುತ್ತದೆ. ನನಗೆ ಈ ಕುರ್ಚಿಗಳ ಬಗ್ಗೆ ಇರುವ ಅಂಜಿಕೆಯೆಲ್ಲ ಅದು. "ನಾನು ಒಯ್ಯುತ್ತೇನೆ" ಎಂದೆ. "ಬಾಗಿಲಲ್ಲಿ ಹೋಗಲ್ಲ" ಎಂದ. ಆಗ ಹುಡುಗಿ ಲ್ಯಾಪ್‌ಟಾಪ್ ತೆರೆದು, ನಮ್ಮ ಮನೆಯ ಬಾಗಿಲನ್ನೂ ಅದೇ ಅಳತೆಗೆ ಕಟ್ಟಿ, ಕುರ್ಚಿಯನ್ನು ಮಗ್ಗುಲಾಗಿಸಿ, ತೋಳು ಮೊದಲು ತೂರಿಸಿ, ಆಮೇಲೆ ಹೊರಳಿಸಿ ಒಳಗೆ ತಂದು ತೋರಿಸಿದಳು. ಮರುದಿನ ಗೂಡ್ಸ್ ಆಟೋದವನಿಗೂ ಹುಡುಗನಿಗೂ ಅದನ್ನೇ ತೋರಿಸಿದೆವು. ಅಕ್ಷರಶಃ ಹಾಗೇ ಒಳಗೆ ಬಂತು. ಗೋಡೆಯ ಸುಣ್ಣ ಕೂಡ ಕೆರೆಯಲಿಲ್ಲ.

ಬೆತ್ತ ಹಾಕುವವರನ್ನು ಹುಡುಕಿದೆ. ಪ್ಲಾಸ್ಟಿಕ್ ವೈರು ಹಾಕುವವರು ಬೇಕಾದಷ್ಟು ಸಿಕ್ಕಿದರು. ಬೆತ್ತಕ್ಕೆ ಒಬ್ಬರ ಹೆಸರು ಹೇಳಿದರು. ವಯಸ್ಸಾದವರು, ಕಣ್ಣು ಕಾಣುವುದಿಲ್ಲ. ಅಂಧರು ಬೆತ್ತ ಹೆಣೆಯುವುದು ನಮ್ಮ ಕಡೆ ಹೊಸದಲ್ಲ, ಸರ್ಕಾರಿ ಕಚೇರಿಗಳ ಕುರ್ಚಿಗಳು ಅವರ ಕೈಯಿಂದಲೇ ಹೆಣಿಗೆಯಾಗುತ್ತಿದ್ದ ಕಾಲವಿತ್ತು. ನಾನು ಹೋಗಿ, ಅಭ್ಯಾಸ ಬಲ, ಫೋನಿನಲ್ಲಿದ್ದ ಚಿತ್ರ ತೆಗೆದು ಅರ್ಧ ಚಾಚಿದವಳು ನಾಚಿ ಹಿಂದಕ್ಕೆ ತೆಗೆದುಕೊಂಡೆ. ಅಳತೆಗಳನ್ನು ಬಾಯಲ್ಲಿ ಹೇಳಿದೆ. "ಕುರ್ಚಿ ಮುಟ್ಟದೆ ಹೇಳಕ್ಕಾಗಲ್ಲ ಕಣಮ್ಮ" ಎಂದು ಮಗನ ಜೊತೆ ಮನೆಗೆ ಬಂದರು.

ನೆಲದ ಮೇಲೆ ಕೂತು, ಬೆತ್ತದ ಅಡಿಗೆ ಕೈ ಹಾಕಿ, ಅಂಚಿನ ತೂತುಗಳನ್ನು ಬೆರಳಲ್ಲಿ ಎಣಿಸುತ್ತಾ ಹೋದರು. ಎಡಗಡೆ ಮುಗಿಸಿ ಬಲಗಡೆಗೆ ಬಂದರು. "ಈ ಕಡೆ ಒಂದು ತೂತು ಕಮ್ಮಿ ಕೊರೆದಿದಾನೆ ಬಡಗಿ. ಮೇಲುಗಡೆ ಎಳೆ ಒಂದನ್ನ ಓರೆ ತಗೊಂಡು ಸರಿ ಮಾಡಿದಾರೆ" ಎಂದರು. ಇನ್ನೂ ಸ್ವಲ್ಪ ತಡವಿ, ಇದಕ್ಕೆ ಎರಡು ಸಲ ಬೆತ್ತ ಹಾಕಿದೆ, ಎರಡನೆಯದು ಬೇರೆ ಕೈ ಎಂದರು. ಹರಿದ ಅಂಚಿಗೆ ಬಂದಾಗ ಬೆರಳು ನಿಂತಿತು.

"ಇನ್ನು ಮುಂದೆ ಯಾರು ಕೂತ್ಕೊಳ್ತಾರಮ್ಮ ಇದರಲ್ಲಿ? ದಪ್ಪ ಇದಾರಾ, ಸಣ್ಣ ಇದಾರಾ? ಅದರ ಮೇಲೆ ಬಿಗಿ ನೋಡ್ಬೇಕು."

"ನಾನೇ" ಎಂದೆ. "ಒರಗಿ ಕೂತ್ಕೊಳ್ತೀನಿ."

"ಹಾಗಾದ್ರೆ ಬೆನ್ನಿನ ಹತ್ರ ಸ್ವಲ್ಪ ಸಡಿಲ ಬಿಡ್ತೀನಿ" ಎಂದು ಮಗನಿಗೆ ಎರಡು ಕಟ್ಟು ಬೆತ್ತ ನೀರಲ್ಲಿ ನೆನೆ ಹಾಕಲು ಹೇಳಿದರು.